ತೆಂಕಲ ಕೊಂಬೆ ಉಳಿಸುವ ಹುಚ್ಚಣ್ಣ

ಬೆಳಗಿನ ಆರು ಗಂಟೆ. ಹೊಂಗಡಹಳ್ಳದ ತೋಟದಲ್ಲಿ ಮಂಜು ಇನ್ನೂ ಕಾಫಿ ಗಿಡಗಳ ಮಧ್ಯೆಯೇ ಕೂತಿದೆ. ಹಾಲವಾಣದ ಮರದ ಮೇಲಿಂದ "ಕೆಳಗ್ಯಾರು? ಸರ್ಕೊಳ್ಳಿ" ಎಂಬ ದನಿ ಬರುತ್ತದೆ, ಅದರ ಬೆನ್ನಿಗೇ ಒಂದು ಕೊಂಬೆ ಬರುತ್ತದೆ. ನಾನು ಎದ್ದೆನೋ ಬಿದ್ದೆನೋ ಎಂದು ಸರಿಯುವಷ್ಟರಲ್ಲಿ ಅದು ಎರಡು ಗಿಡಗಳ ನಡುವಿನ ಜಾಗಕ್ಕೇ ಬಿದ್ದಿರುತ್ತದೆ. ಗಿಡದ ಒಂದು ಎಲೆಯೂ ಹರಿದಿಲ್ಲ.

ಮೇಲಿರುವವರು ಹುಚ್ಚಣ್ಣ. ವಯಸ್ಸು ಐವತ್ತೆಂಟು, ಎಡಮೊಣಕಾಲಿಗೆ ಹಳೇ ಪಂಚೆಯ ಪಟ್ಟಿ. ಅವರ ಕಸುಬು ಮರಕಸಿ. ಮುಂಗಾರಿಗೆ ಮೊದಲು ತೋಟದ ನೆರಳಿನ ಮರಗಳನ್ನು ಹತ್ತಿ, ಬೇಡದ ಕೊಂಬೆ ಕಡಿದು, ಕಾಫಿ ಗಿಡಕ್ಕೆ ಬೆಳಕು, ಗಾಳಿ ಬಿಡುವ ಕೆಲಸ. ನೆರಳು ಹೆಚ್ಚಾದರೆ ಗಿಡ ಮಳೆಗಾಲದಲ್ಲಿ ಕೊಳೆಯುತ್ತದೆ, ಕಮ್ಮಿಯಾದರೆ ಬೇಸಿಗೆಯಲ್ಲಿ ಬೇಯುತ್ತದೆ. ನಾವು ಕಾಫಿ ಕುಡಿಯುವವರು ಬೀಜ ಹುರಿದವರನ್ನು ಹೊಗಳುತ್ತೇವೆ, ಡಿಕಾಕ್ಷನ್ ಇಳಿಸಿದವರನ್ನೂ ಹೊಗಳುತ್ತೇವೆ. ನೆರಳನ್ನು ಹದ ಮಾಡಿದವರ ಹೆಸರು ನಾನಂತೂ ಇಷ್ಟು ವರ್ಷ ಕೇಳಿರಲಿಲ್ಲ. ಅದಕ್ಕೆ ನನಗೇ ನಾಚಿಕೆ.

ಮೊದಲು ದಿನಕ್ಕೆ ಹದಿನೈದು ಮರ ಹತ್ತಿ ಇಳಿಯುತ್ತಿದ್ದವರು ಈಗ ಒಂಬತ್ತಕ್ಕೆ ನಿಲ್ಲುತ್ತಾರೆ. ಮೂವತ್ತೈದು ವರ್ಷದಲ್ಲಿ ಎರಡು ಸಲ ಬಿದ್ದಿದ್ದಾರೆ. "ಒಂದ್ಸಲ ಕಡಜ ಅಟ್ಟಿಸ್ಕಂಡು ಬಂತು ಕಣ್ರೀ, ಇನ್ನೊಂದ್ಸಲ ನನ್ ಕೊಬ್ಬು" ಎಂದು ನಗುತ್ತಾರೆ. ಹೋದ ವರ್ಷ ಮೊಣಕಾಲು ಕೈಕೊಟ್ಟಾಗ ಮಾಲೀಕ ಯೋಗಾನಂದ ಅವರು ಮರಕಸಿಯನ್ನು ಹೊರಗಿನ ಗುತ್ತಿಗೆಯವರಿಗೆ ವಹಿಸಿದ್ದರು. ಅವರು ದಾರಿಯ ಮೇಲೆ ಚಾಚಿದ ಕೊಂಬೆಗಳನ್ನೂ ಬಿಡದೆ ಕಡಿದು, ಹತ್ತು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಮುಗಿಸಿ ಹೋದರು. ಈ ಫೆಬ್ರವರಿಯಲ್ಲಿ ದಾರಿಯಂಚಿನ ಮೂರು ಸಾಲು ಗಿಡಗಳ ಎಲೆ ಕಂದಿ ಸುಟ್ಟಿತು. ಇನ್ನೊಂದು ಬೇಸಿಗೆ ಹೀಗೇ ಆದರೆ ಈ ಆರುನೂರು ಗಿಡಗಳ ಪಟ್ಟಿಯನ್ನೇ ಕಿತ್ತುಹಾಕುವುದು ಎಂದು ಮಾಲೀಕರು ತೀರ್ಮಾನಿಸಿದ್ದಾರೆ. ಇವೆಲ್ಲ ಹುಚ್ಚಣ್ಣ ತಮ್ಮ ಗುರು, ಮೇಸ್ತ್ರಿ ಲಿಂಗಪ್ಪನವರ ಜೊತೆ ಗುಂಡಿ ತೋಡಿ ನೆಟ್ಟ ಗಿಡಗಳು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಅವರು ಮತ್ತೆ ಏಣಿ ಹತ್ತಿರುವುದು ಅದಕ್ಕೇ.

ಗುತ್ತಿಗೆಯವರನ್ನು ಅವರು ಬೈಯುವುದಿಲ್ಲ. "ಅವ್ರು ಮಾಡಿದ್ ತಪ್ಪನ್ನೇ ಮೊದ್ಲು ಮಾಡ್ದೋನು ನಾನು" ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಮೇ ತಿಂಗಳು. ತೋಟದ ತೆಂಕಲಂಚಿನಲ್ಲಿ, ದಕ್ಷಿಣದ ಬದಿಗೆ, ಗಾಡಿ ದಾರಿ. ಅದರ ಮೇಲೆ ಚಾಚಿದ ಕೊಂಬೆಗಳ ನೆರಳು ದಾರಿಯ ಮೇಲೇ ಬೀಳುತ್ತಿತ್ತು. "ದಾರಿಗ್ ಯಾಕೆ ನೆರಳು ಅಂತ ಎಲ್ಲಾ ಕಡ್ದ್ ಬುಟ್ಟೆ. ಮುಂದಿನ್ ಬೇಸ್ಗೇಲಿ ಅಂಚಿನ್ ಗಿಡ ಸುಟ್ಟೋಯ್ತು. ಲಿಂಗಪ್ಪಾರು ಬೈಲಿಲ್ಲ. ಕಣದಾಗೆ ಆರಡಿ ಗೂಟ ನೆಟ್ರು. ವಾರಕ್ಕೊಂದ್ ದಿನ ಮಟಮಟ ಮಧ್ಯಾಹ್ನ ನೆರಳಿನ ತುದೀಗೆ ಕಲ್ ಇಡು, ಒಂದ್ ವರ್ಷ ಇಡು, ಆಮೇಲೆ ಕತ್ತಿ ಮುಟ್ಟು ಅಂದ್ರು."

ಒಂದು ವರ್ಷ ಕತ್ತಿ ಮುಟ್ಟದೆ ಕಲ್ಲಿಟ್ಟ ಮನುಷ್ಯನನ್ನು ನಾನು ಇದೇ ಮೊದಲು ನೋಡುತ್ತಿರುವುದು. ಡಿಸೆಂಬರಿನಲ್ಲಿ ನೆರಳು ಬಡಗಲಿಗೆ, ಅಂದರೆ ಉತ್ತರಕ್ಕೆ, ನಾಲ್ಕಡಿ ದಾಟಿತು. ಏಪ್ರಿಲ್ ಕೊನೆಯ ವಾರ ಗೂಟಕ್ಕೆ ನೆರಳೇ ಇಲ್ಲ. ಆಮೇಲೆ ಅದು ತೆಂಕಲಿಗೆ ತಿರುಗಿ ಜೂನಿನಲ್ಲಿ ಒಂದಡಿಯಾಯಿತು. ಆಗಸ್ಟ್ ನಡುವೆ ಮತ್ತೆ ಮಾಯ, ಮತ್ತೆ ಬಡಗಲಿಗೆ.

ಇದರ ಲೆಕ್ಕ ಬಿಡಿಸಿ ಹೇಳಿದ್ದು ತೋಟದ ಹಾಜರಿ, ಕೂಲಿ ಬರೆಯುವ ರೈಟರ್ ರಶ್ಮಿತಾ. ಪಕ್ಕದ ಪಾಳ್ಯದ ಹುಡುಗಿ, ಭೂಗೋಳ ಓದಿದವಳು. "ನಾವಿರೋದು ಸಮಭಾಜಕ ವೃತ್ತದಿಂದ ಹದಿಮೂರು ಡಿಗ್ರಿ ಉತ್ತರಕ್ಕೆ ಸಾರ್. ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿ ಮೇಲೇ ಬರ್ತಾನೆ. ಮೇ, ಜೂನ್‌ನಲ್ಲಿ ನಮ್ಮನ್ನ ದಾಟಿ ಬಡಗಲಿಗೆ ಹೋಗಿರ್ತಾನೆ, ಚಳಿಗಾಲದಲ್ಲಿ ತೆಂಕಲಿಗೆ ವಾಲಿರ್ತಾನೆ, ಆಗ ನೆರಳು ಬಡಗಲಿಗೆ ಬೀಳುತ್ತೆ." ಸಮಭಾಜಕದಿಂದ ದೂರ ಹೋದಷ್ಟೂ ಬಿಸಿಲು ಓರೆಯಾಗಿ, ಹೆಚ್ಚು ನೆಲಕ್ಕೆ ಹರಡಿ ಬೀಳುತ್ತದೆ, ಕಾವು ಕಮ್ಮಿ. ಆಚೆ ಹಿಮ ಬೀಳುವ ಸೀಮೆಯಲ್ಲಿ ಕಾಫಿ ಗಿಡ ಒಂದು ಚಳಿಗಾಲವನ್ನೂ ತಾಳಲಾರದು. ಇಲ್ಲಿ ಆ ಭಯವಿಲ್ಲ, ಬೆಟ್ಟದ ಎತ್ತರ ತಂಪು ಕೊಡುತ್ತದೆ. ಆದರೆ ಬಿಸಿಲು ಮಾತ್ರ ನೇರವಾಗಿ ಇಳಿಯುತ್ತದೆ, ನೆರಳಿಲ್ಲದೆ ಆಗದು.

"ಹದ್ಮೂರು ಡಿಗ್ರಿ ಅಂತ ಲಿಂಗಪ್ಪಾರಿಗೆ ಗೊತ್ತಿರ್ಲಿಲ್ಲ ಕಣವ್ವ" ಎನ್ನುತ್ತಾರೆ ಹುಚ್ಚಣ್ಣ. "ಗೊತ್ತಿತ್ತು ದೊಡ್ಡಪ್ಪ, ಹೆಸರು ಗೊತ್ತಿರ್ಲಿಲ್ಲ ಅಷ್ಟೆ" ಎನ್ನುತ್ತಾಳೆ ರಶ್ಮಿತಾ. ಹುಚ್ಚಣ್ಣ ಆ ಮಾತಿಗೆ ಮುಖ ತಿರುಗಿಸಿ ಕತ್ತಿ ಮಸೆಯುತ್ತಾರೆ. ಕಣ್ಣು ಒದ್ದೆಯಾದದ್ದು ನನಗೆ ಕಾಣಿಸುತ್ತದೆ.

ಮಧ್ಯಾಹ್ನ ಹನ್ನೆರಡೂಕಾಲು ದಾಟಿದೆ. ಯೋಗಾನಂದ ಜೀಪಿಳಿದು ಬರುತ್ತಾರೆ. ದಾರಿಯಂಚಿನ ಹಾಲವಾಣದ ತೆಂಕಲ ಚಿಗುರು ಕೊಂಬೆಗಳು ಹಾಗೇ ಇರುವುದು ಅವರ ಕಣ್ಣಿಗೆ ಬೀಳುತ್ತದೆ.

"ಇವನ್ನ ಯಾಕೆ ಬಿಟ್ಟೆ ಹುಚ್ಚಣ್ಣ? ದಾರಿಗೆ ಯಾಕೆ ನೆರಳು? ಕಡಿ."

ಮೂವತ್ತೈದು ವರ್ಷದ ಹಿಂದಿನ ತಮ್ಮದೇ ಮಾತು ಕೇಳಿ ಹುಚ್ಚಣ್ಣ ನಗುತ್ತಾರೆ. ಕೆಳಗಿಳಿಯುತ್ತಾರೆ. ಆ ಕೊಂಬೆಗಳ ಕೆಳಗೆ ನಿಂತು, ಕುಂಟುತ್ತಾ ಬಡಗಲಿಗೆ ಏಳು ಹೆಜ್ಜೆ ಎಣಿಸುತ್ತಾರೆ. ಏಳನೆಯದು ಸುಟ್ಟ ಸಾಲಿನ ಬುಡಕ್ಕೇ ಬಂದು ನಿಲ್ಲುತ್ತದೆ. ಅಲ್ಲೊಂದು ಕಲ್ಲಿಡುತ್ತಾರೆ.

"ಜನವರಿ ಮಧ್ಯಾಹ್ನ ಆ ಕೊಂಬೆ ನೆರಳು ಇಲ್ಲಿಗ್ ಬತ್ತದೆ ಸಾವ್ಕಾರ್ರೆ. ಈಗ ಕಡಿ ಅಂದ್ರೆ ಕಡೀತೀನಿ, ತೋಟ ನಿಮ್ದು. ಆದ್ರೆ ಆಗ ಇಲ್ಲಿ ನೆರಳು ತರಾಕೆ ನನ್ ಕೈಲಾಗಲ್ಲ."

ಯೋಗಾನಂದ ಕಲ್ಲು ನೋಡುತ್ತಾರೆ, ಕೊಂಬೆ ನೋಡುತ್ತಾರೆ. "ಆಯ್ತು, ಇರ್ಲಿ ಬಿಡು. ಜನವರಿ ನೋಡೋಣ" ಎಂದು ಜೀಪು ಹತ್ತುತ್ತಾರೆ.

ಹೊರಡುವ ಮುಂಚೆ ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಹುಚ್ಚಣ್ಣ ಏಣಿಗೆ ಒಂದು ಕಾಲಿಟ್ಟು ಯೋಚಿಸುತ್ತಾರೆ.

"ಜನವರೀಲಿ ಒಂದ್ಸಲ ಬನ್ನಿ. ನನ್ನ ಹುಡುಕ್ಬೇಡಿ, ಆ ಕಲ್ ನೋಡಿ. ನೆರಳಲ್ಲಿದ್ರೆ, ಲಿಂಗಪ್ಪಾರ್ ಹೇಳ್ಕೊಟ್ಟಿದ್ನ ಹುಚ್ಚಣ್ಣ ಕಲ್ತ ಅಂತ ಬರ್ಕಳಿ."