ಎರಡನೆಯ ಸಾಲು

ಮೊನ್ನೆ ಹೆಗ್ಗನಹಳ್ಳಿ ಕ್ರಾಸಿನ ತಳ್ಳುಗಾಡಿಯಲ್ಲಿ ಈ ಚಳಿಗಾಲದ ಮೊದಲ ಅವರೆಕಾಯಿ ಕಂಡಿತು. ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದೆ. "ಸೊಗಡು ಚೆನ್ನಾಗಿದೆ ಅಕ್ಕ, ಬೆರಳು ನೋಡ್ಕೊಳ್ಳಿ, ಅಂಟಿರುತ್ತೆ" ಎಂದ ಗಾಡಿಯವನು. ಅಂಟಿತ್ತು. ಮನೆಗೆ ಬಂದು ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಆ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಮೇಡಂ ನೆನಪಾಗುತ್ತಾರೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಲೇತ್ ಮಿಷಿನ್ನುಗಳ ಒಂದು ಶೆಡ್ಡಿನ ಮಹಡಿಯ ಮೇಲೆ ನಮ್ಮ ಪುಟ್ಟ ಕಂಪನಿ ಇತ್ತು. ಆಸ್ಪತ್ರೆಗಳಿಗೆ ಬೇಕಾದ ಔಷಧಿ ಪಂಪು ಮಾಡುತ್ತಿದ್ದೆವು. ಔಷಧಿ ತುಂಬಿದ ಸಿರಿಂಜನ್ನು ಅದರಲ್ಲಿ ಅಡ್ಡ ಮಲಗಿಸಿದರೆ, ಹಿಂದಿನಿಂದ ಒಂದು ಸಣ್ಣ ಮೋಟಾರು ಒತ್ತಿ ಒತ್ತಿ, ತೆಳ್ಳನೆಯ ಕೊಳವೆಯ ಮೂಲಕ ರೋಗಿಯ ನರಕ್ಕೆ ಚೂರು ಚೂರೇ ಕಳಿಸುತ್ತದೆ. ಅದರೊಳಗಿನ ಪ್ರೋಗ್ರಾಂ ಬರೆಯುವವಳು ನಾನು. ಬರೆದದ್ದು ಸರಿಯೋ ತಪ್ಪೋ ಎಂದು ನೋಡುವವರು ಮೇಡಂ. ಐವತ್ತು ದಾಟಿದ್ದರು. ಮದುವೆಯಾಗಿರಲಿಲ್ಲ, ಬಸವೇಶ್ವರನಗರದಲ್ಲಿ ತಂಗಿಯ ಜೊತೆ ಇದ್ದರು. ಓನರು ಕೂಡ ಅವರ ಮುಂದೆ ತಗ್ಗಿಯೇ ಮಾತಾಡುತ್ತಿದ್ದರು.

ಮೇಡಂಗೆ ಇದ್ದ ಒಂದೇ ಹಟ ಎಂದರೆ ಲೂಪು. ಒಂದು ಕೆಲಸ ಮುಗಿಯುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡು ಎಂದು ಯಂತ್ರಕ್ಕೆ ಹೇಳುವ ಸಾಲುಗಳಿಗೆ ಲೂಪು ಅನ್ನುತ್ತೇವೆ. ಯಾರೇ ಲೂಪು ಬರೆಯಲಿ, ಜೊತೆಗೆ ಅರ್ಧ ಹಾಳೆ ಬರೆದು ಕೊಡಬೇಕಿತ್ತು. ಅದರಲ್ಲಿ ಎರಡೇ ಸಾಲು. ಮೊದಲನೆಯದು, ಪ್ರತಿ ಸುತ್ತಿನಲ್ಲೂ ಕೆಡದೆ ನಿಜವಾಗಿ ಉಳಿಯುವುದು ಏನು? ಎರಡನೆಯದು, ಪ್ರತಿ ಸುತ್ತಿಗೂ ಕಮ್ಮಿಯಾಗುವುದು ಏನು? ಬರೆದರೆ ಸಾಲದು, ಹೇಗೆ ಎಂದು ಸಾಧಿಸಿ ತೋರಿಸಬೇಕು. "ಸಾವಿರ ಸಲ ಓಡ್ಸಿ ನೋಡಿದೀವಿ ಮೇಡಂ, ಎಲ್ಲಾ ಪಾಸ್" ಎಂದು ನಾನೊಮ್ಮೆ ಹಲ್ಲು ಕಿರಿದಿದ್ದೆ. "ಸಾವಿರದ ಒಂದನೇ ಸಲ ಯಾರ ಮನೆಯವ್ರು ಮಲಗಿರ್ತಾರೋ" ಎಂದರು, ತಲೆ ಎತ್ತದೆ.

ತಲೆ ಎತ್ತದೆ ಎಂದರೆ, ಅವರೆಕಾಯಿ ಸುಲಿಯುತ್ತಾ. ಡಿಸೆಂಬರ್ ಬಂತೆಂದರೆ ಮೇಡಂ ಬಸ್‌ಸ್ಟಾಪಿನಲ್ಲಿ ಒಂದು ಕವರ್ ಕಾಯಿ ಕೊಂಡು ಆಫೀಸಿಗೇ ತರುತ್ತಿದ್ದರು. ಊಟದ ಹೊತ್ತಿಗೆ ಮಡಿಲಲ್ಲಿ ಹಾಕಿಕೊಂಡು ಕೂತರೆ, ನಮ್ಮ ಲೂಪುಗಳ ವಿಚಾರಣೆಯೂ ಅಲ್ಲೇ. ಎದುರಿಗೆ ನಿಂತವರ ಕೈಗೂ ಒಂದು ಹಿಡಿ ಬೀಳುತ್ತಿತ್ತು. ಹೀಗಾಗಿ ಇಡೀ ಆಫೀಸಿನ ಕೀಬೋರ್ಡುಗಳು ಸೊಗಡು ವಾಸನೆ ಹೊಡೆಯುತ್ತಿದ್ದವು.

ನಾನು ಸೇರಿದ ಹೊಸತರಲ್ಲಿ ಈ ಎರಡು ಸಾಲಿನ ರಗಳೆ ಅರ್ಥವಾಗದೆ ಅಳುಮುಖ ಮಾಡಿಕೊಂಡು ನಿಂತಿದ್ದಾಗ ಅವರು ಹೇಳಿಕೊಟ್ಟದ್ದೂ ಆ ಅವರೆಕಾಯಿಯಲ್ಲೇ. "ಮಡಿಲಲ್ಲಿ ಇರೋ ಕಾಯಿ, ಸುಲಿದಿರೋ ಕಾಯಿ, ಎರಡೂ ಸೇರ್ಸಿದ್ರೆ ನಾನು ತಂದಿದ್ದಷ್ಟೇ. ಯಾವಾಗ ನೋಡಿದ್ರೂ ನಿಜ ತಾನೆ? ಅದು ಮೊದಲನೇ ಸಾಲು."

"ಅಷ್ಟು ಸಾಕಲ್ವಾ ಮೇಡಂ?"

"ನಾನು ಕೈ ಕಟ್ಕೊಂಡು ಸುಮ್ನೆ ಕೂತ್ರೂ ಅದು ನಿಜವೇ ಕಣೇ. ಸಾರು ಆಗುತ್ತಾ? ಮಡಿಲಲ್ಲಿರೋದು ಕಮ್ಮಿ ಆಗ್ತಾ ಇದ್ಯಾ ಅಂತ ನೋಡ್ಬೇಕು. ಅದು ಎರಡನೇ ಸಾಲು."

ಅದಾದ ಮೇಲೆ ನಾನು ಹಾಳೆ ಕೊಟ್ಟಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಯಾರ್ ಹೇಳಿದ್ದು ಕಮ್ಮಿ ಆಗುತ್ತೆ ಅಂತ?" ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಆದರೂ ನನಗೆ ಭಯವೇ. ನಾನು ಮೊದಲಿಂದಲೂ ಪುಕ್ಕಲಿ. ಸರಿ ಇದ್ದರೆ ಮೊದಲ ಸಾಲಿನ ಪಕ್ಕ ಒಂದು ಟಿಕ್, ಎರಡನೆಯದರ ಪಕ್ಕ ಒಂದು ಟಿಕ್, ಕೆಳಗೆ ಸಹಿ.

ಒಂದು ವರ್ಷ ಮೇಡಂಗೆ ಹೃದಯದ ತೊಂದರೆ ಶುರುವಾಗಿ ರಜೆ ಹಾಕಿದರು. ಅದೇ ಸಮಯಕ್ಕೆ ಪಂಪಿನ ಮುಖ್ಯ ಲೂಪನ್ನು ನಾನು ಸುಧಾರಿಸಿದ್ದೆ. ಹಳೆಯದು ಪ್ರತಿ ಸುತ್ತಿಗೂ ಇಷ್ಟು ಔಷಧಿ ಹೋಯಿತು ಎಂದು ತಾನೇ ಅಂದುಕೊಂಡು, ಉಳಿದದ್ದರಲ್ಲಿ ಅಷ್ಟು ಕಳೆಯುತ್ತಿತ್ತು. ನನ್ನದು ನಿಜವಾಗಿ ಎಷ್ಟು ಹೋಯಿತೆಂದು ಅಳೆದು ಕಳೆಯುತ್ತಿತ್ತು. ಎಷ್ಟು ಹೆಮ್ಮೆ ನನಗೆ! ಇನ್ನು ಹಾಳೆ ಬರೆಯಬೇಕು. ಓನರಿಗೆ ಅವಸರ, ಕೇಳುವವರು ರಜೆಯಲ್ಲಿ. ಹಳೆಯ ಲೂಪಿಗೆ ಮೇಡಂ ಸ್ವತಃ ಬರೆದಿದ್ದ ಹಾಳೆ ಫೈಲಿನಲ್ಲಿತ್ತು. ಮೊದಲ ಸಾಲನ್ನು ನಾನೇ ಸಾಧಿಸಿದೆ. ಎರಡನೆಯ ಸಾಲನ್ನು ಅವರ ಹಾಳೆ ನೋಡಿಕೊಂಡು ಇದ್ದದ್ದು ಇದ್ದಂತೆ ಇಳಿಸಿದೆ... ಉಳಿದ ಔಷಧಿ ಪ್ರತಿ ಸುತ್ತಿಗೂ ಕಮ್ಮಿಯಾಗುತ್ತದೆ. ಹೊಸ ಪ್ರೋಗ್ರಾಂ ತುಂಬಿದ ಪಂಪುಗಳು ಆ ವಾರವೇ ಹೊರಟವು.

ಸ್ವಲ್ಪ ದಿನಕ್ಕೆ ಮೇಡಂಗೆ ಕಾಯಿಲೆ ಜೋರಾಗಿ, ವಿಜಯನಗರದ ಕಡೆ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದರು. ಎರಡು ದಿನ ಬಿಟ್ಟು ನೋಡಲು ಹೋದೆ. ಸಂಜೆ ನಾಲ್ಕರಿಂದ ಐದರವರೆಗೆ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಒಳಗೆ ಹೋದವಳಿಗೆ ಮೊದಲು ಕಂಡದ್ದು ಮೇಡಂ ಅಲ್ಲ, ಅವರ ಮಂಚದ ಪಕ್ಕದ ಕಂಬಕ್ಕೆ ಕಚ್ಚಿಸಿದ್ದ ಪಂಪು. ನಮ್ಮದೇ. ಬಿಪಿ ಇಳಿಯದಂತೆ ಹಿಡಿದಿಡುವ ಔಷಧಿ ಅದರಿಂದ ಅವರ ಕೈಗೆ ಹೋಗುತ್ತಿತ್ತು.

"ನಮ್ಮನೇದೇ ಬಂದಿದೆ ನೋಡು" ಎಂದು ಮೇಡಂ ನಕ್ಕರು. ಮುಖ ಇಷ್ಟಾಗಿತ್ತು. "ಹೊಸ ಪ್ರೋಗ್ರಾಮಾ ಇದ್ರಲ್ಲಿ?"

"ಹೂಂ ಮೇಡಂ."

"ಹಾಳೆ ಬರ್ದ್ಯಾ?"

"ಬರ್ದೆ."

"ಎರಡೂ ಸಾಲು?"

"ಎರಡೂ ಮೇಡಂ."

"ಹಂಗಾದ್ರೆ ಒಂಚೂರು ನಿದ್ದೆ ಮಾಡ್ತೀನಿ, ಕೂತಿರು." ಪಕ್ಕಕ್ಕೆ ಹೊರಳಿ, ಸೂಜಿ ಚುಚ್ಚಿದ್ದ ಕೈಯನ್ನೇ ಮಡಚಿ ಕೆನ್ನೆಯ ಕೆಳಗಿಟ್ಟುಕೊಂಡು ಕಣ್ಣು ಮುಚ್ಚಿದರು.

ಅವರು ಕೇಳಿದ್ದರಿಂದಲೇ ಎರಡನೆಯ ಸಾಲು ನನ್ನ ತಲೆಯಲ್ಲಿ ತಿರುಗತೊಡಗಿತು. ಹಳೆಯ ಲೂಪು ಔಷಧಿ ಹೋಗಲಿ ಬಿಡಲಿ ಕಳೆಯುತ್ತಿತ್ತು, ಹಾಗಾಗಿ ಕಮ್ಮಿಯಾಗಲೇಬೇಕು. ನನ್ನದು ಹೋದಷ್ಟನ್ನೇ ಕಳೆಯುತ್ತದೆ. ಏನೂ ಹೋಗದಿದ್ದರೆ? ಸೊನ್ನೆ ಕಳೆಯುತ್ತದೆ. ಮತ್ತೊಂದು ಸುತ್ತು, ಮತ್ತೆ ಸೊನ್ನೆ. ಲೂಪು ಮುಗಿಯುವುದೇ ಇಲ್ಲ. ಕೊಳವೆ ಕಟ್ಟಿದೆ ಎಂದು ಕೂಗುವ ಸಾಲನ್ನು ನಾನು ಇಟ್ಟಿದ್ದು ಲೂಪು ಮುಗಿದ ಮೇಲೆ. ನಾವು ಕೊಳವೆ ಮಡಚಿ ಪರೀಕ್ಷೆ ಮಾಡಿದ್ದೆವು, ನಿಜ, ಆದರೆ ಪಂಪು ಶುರುವಾಗುವ ಮುಂಚೆ, ಆಗ ಕೂಗಲು ಬೇರೆ ಸಾಲಿತ್ತು. ಓಡುವಾಗ ನಡುವೆ ಯಾರೂ ಮಡಚಿರಲಿಲ್ಲ...

ತಲೆ ಎತ್ತಿ ನೋಡಿದೆ. ಮೇಡಂ ಮೊಣಕೈ ಮಡಚಿದ ಕಡೆ ಕೊಳವೆಯೂ ಮಡಚಿ ಒತ್ತಿಹೋಗಿತ್ತು.

ಪಂಪಿನಲ್ಲಿ ಹಸಿರು ದೀಪ. ಉಳಿದದ್ದು ಹದಿನೆಂಟು ಪಾಯಿಂಟ್ ನಾಲ್ಕು ಎಂಎಲ್. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಹದಿನೆಂಟು ಪಾಯಿಂಟ್ ನಾಲ್ಕು. ಇನ್ನೊಂದು ಸುತ್ತು ಬಂತು. ಅಷ್ಟೇ ಇತ್ತು. ಹೋದದ್ದೂ ಉಳಿದದ್ದೂ ಸೇರಿದರೆ ಡಾಕ್ಟರು ಬರೆದಷ್ಟೇ, ಮೊದಲ ಸಾಲು ಚಾಚೂ ತಪ್ಪದೆ ನಿಜವಾಗಿತ್ತು. ಬಿಪಿ ನೋಡುವ ಪಟ್ಟಿ ಕಾಲು ಗಂಟೆಗೊಮ್ಮೆ ಉಬ್ಬುತ್ತಿತ್ತು, ಅದರ ಹೊತ್ತು ಇನ್ನೂ ಆಗಿರಲಿಲ್ಲ. ಮೇಡಂ ಮಲಗಿದ್ದು ನಿದ್ದೆಯೋ, ಮತ್ತೇನೋ ನನಗೆ ತಿಳಿಯಲಿಲ್ಲ. ಅಂಥ ಭಯವನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಎದ್ದು ಅವರ ಕೈ ಎಳೆದು ನೇರ ಮಾಡಿದೆ. ಹದಿನೆಂಟು ಪಾಯಿಂಟ್ ಮೂರು.

ಓಡಿ ಹೋಗಿ ಸಿಸ್ಟರನ್ನು ಕರೆತಂದು, ಪಂಪು ಬದಲಾಯಿಸಿ ಎಂದೆ. "ಯಾಕಮ್ಮಾ, ಸರಿಯಾಗೇ ಓಡ್ತಾ ಇದ್ಯಲ್ಲಾ, ಗ್ರೀನ್ ಲೈಟ್ ಇದೆ" ಎಂದರು ಅವರು. ಬೇರೆ ದಾರಿ ಇರಲಿಲ್ಲ. "ಸಿಸ್ಟರ್, ಇದರ ಪ್ರೋಗ್ರಾಂ ಬರ್ದಿರೋಳು ನಾನೇ. ತಪ್ಪು ಬರ್ದಿದೀನಿ. ದಯವಿಟ್ಟು ಬದಲಾಯ್ಸಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೆ ಪಂಪು ತರಲು ಹೋದರು. ತಿರುಗಿದರೆ ಮೇಡಂ ಕಣ್ಣು ಬಿಟ್ಟಿದ್ದರು.

"ಯಾರ್ ಹೇಳಿದ್ದು ಕಮ್ಮಿ ಆಗುತ್ತೆ ಅಂತ?"

"ನಿಮ್ಮ ಹಳೇ ಹಾಳೆ ನೋಡಿ ಬರ್ದೆ ಮೇಡಂ." ಅತ್ತುಬಿಟ್ಟೆ.

ಮೇಡಂ ಪಂಪಿನ ಕಡೆ ನೋಡಿ, "ಇನ್ನೆಷ್ಟು ಜನದ ಮಂಚದ ಹತ್ರ ಇದೆ ಇದು? ಅಳೋದು ಆಮೇಲೆ, ಮೊದ್ಲು ಆಫೀಸಿಗೆ ಹೋಗು" ಎಂದರು.

ಓನರು ಅವತ್ತೇ ಆಸ್ಪತ್ರೆಗಳಿಗೆಲ್ಲ ಫೋನು ಹಚ್ಚಿ ಪಂಪುಗಳನ್ನು ವಾಪಸ್ ತರಿಸಿದರು. ನಾನು ಲೂಪು ತಿದ್ದಿದೆ. ಸತತವಾಗಿ ಕೆಲವು ಸುತ್ತು ಏನೂ ಹೋಗದಿದ್ದರೆ ಅಲ್ಲೇ ನಿಂತು ಕೂಗಬೇಕು. ಎರಡನೆಯ ಸಾಲನ್ನು ಹೊಸದಾಗಿ ಬರೆದೆ. ಪ್ರತಿ ಸುತ್ತಿಗೂ ಒಂದೋ ಉಳಿದ ಔಷಧಿ ಕಮ್ಮಿಯಾಗುತ್ತದೆ, ಇಲ್ಲವೇ ಯಂತ್ರದ ತಾಳ್ಮೆ ಕಮ್ಮಿಯಾಗುತ್ತದೆ. ಮೂರನೆಯ ದಿನ ಹಾಳೆ ತೆಗೆದುಕೊಂಡು ಹೋದೆ. "ಇಟ್ಟು ಹೋಗು, ನೋಡ್ತೀನಿ" ಎಂದು ದಿಂಬಿನ ಕೆಳಗೆ ಇಟ್ಟುಕೊಂಡರು.

ಅದಾಗಿ ಎರಡು ದಿನಕ್ಕೆ ಮೇಡಂ ಹೋದರು. ಹೃದಯ ಮೊದಲೇ ಸೋತಿತ್ತು ಎಂದರು ಡಾಕ್ಟರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಆದರೆ ನಾನು ನೋಡಲು ಹೋಗುವ ಮುಂಚೆ ಎರಡು ದಿನ ಅವರು ಆ ಪಂಪಿನ ಮೇಲೇ ಇದ್ದರಲ್ಲ... ಎಷ್ಟು ಸಲ ಕೈ ಮಡಚಿ ಮಲಗಿದ್ದರೋ, ಎಷ್ಟು ಹೊತ್ತು ಏನೂ ಹೋಗಿರಲಿಲ್ಲವೋ. ಕೂಗದ ಯಂತ್ರ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ತಿಳಿಯುವ ದಾರಿಯೇ ಇಲ್ಲ.

ಹದಿಮೂರನೆಯ ದಿನದ ಊಟಕ್ಕೆ ಹೋದಾಗ ಅವರ ತಂಗಿ, "ನಿಮ್ದಂತೆ, ದಿಂಬಿನ ಕೆಳಗಿತ್ತು" ಎಂದು ಆ ಹಾಳೆಯನ್ನು ಕೊಟ್ಟರು. ಮೊದಲ ಸಾಲಿನ ಪಕ್ಕ ಟಿಕ್ ಇತ್ತು. ಎರಡನೆಯ ಸಾಲಿನ ಪಕ್ಕ ಪೆನ್ನು ಊರಿ ಎತ್ತಿದ ಒಂದು ಚುಕ್ಕೆ. ಟಿಕ್ ಇಲ್ಲ, ಕೆಳಗೆ ಸಹಿಯೂ ಇಲ್ಲ.

ಆ ಲೂಪು ಈಗಲೂ ಎಷ್ಟೋ ಮಂಚಗಳ ಪಕ್ಕದಲ್ಲಿ ಓಡುತ್ತಿದೆ. ಆ ಸಾಲನ್ನು ನಾನು ಲೆಕ್ಕವಿಲ್ಲದಷ್ಟು ಸಲ ಸಾಧಿಸಿ ನೋಡಿದ್ದೇನೆ. ಈಗ ಇಂಥದ್ದನ್ನು ಪರೀಕ್ಷಿಸಲು ಸಾಫ್ಟ್‌ವೇರುಗಳೇ ಬಂದಿವೆ, ಅದಕ್ಕೂ ಕೊಟ್ಟೆ, ಸರಿ ಇದೆ ಎಂದಿತು. ಆದರೆ ಅದು ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಾನು ಕೇಳದೆ ಬಿಟ್ಟದ್ದನ್ನು ಕೇಳುತ್ತಿದ್ದವರು ಮೇಡಂ ಒಬ್ಬರೇ. ಅವರು ಹೋದ ಮೇಲೆ ಆ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ.

ಮೊನ್ನೆ ಕಾಯಿ ಸುಲಿದು ಮುಗಿಸಿ, ಸೊಗಡು ಹತ್ತಿದ ಕೈಯಲ್ಲೇ ಬೀರುವಿನಿಂದ ಹಾಳೆ ತೆಗೆದೆ. ಮಡಿಕೆಯಲ್ಲಿ ಹರಿಯತೊಡಗಿದೆ. ಚುಕ್ಕೆ ಹಾಗೇ ಇದೆ. ಮೇಡಂ, ಅಷ್ಟೊತ್ತಿಗೆ ನಿಮಗೆ ನಿದ್ದೆ ಬಂತಾ... ಇಲ್ಲಾ, ತಪ್ಪು ಸಿಕ್ಕಿತಾ?