ನೀಲವ್ವನ ಪೋಲೆಂಡ್ ಬಾಕಿ

ಗುರುಶಾಂತಪ್ಪ ತನ್ನ ಹೆಂಡತಿಗೆ ಇನ್ನೂ ಒಂದು ದೇಶ ಬಾಕಿ ಇಟ್ಟುಕೊಂಡಿದ್ದಾನೆ.

ಸಾಲ ಹುಟ್ಟಿದ್ದು ಅಮೆರಿಕದ ಯೂನಿಯನ್ ಸಿಟಿಯಲ್ಲಿರುವ ಮಗನ ಮನೆಯಲ್ಲಿ. ಅರವತ್ತು ದಾಟಿದ ನೀಲವ್ವ ಕಾರು ಕಲಿಯಲು ಹೊರಟಾಗ ಈ ಜಮಖಂಡಿಯ ನಿವೃತ್ತ ಹೆಡ್‌ಮಾಸ್ತರ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನಗ ಲೈಸೆನ್ಸ್ ಸಿಕ್ರ, ನೀ ಹೇಳಿದ ದೇಶಕ್ಕ ಕರಕೊಂಡು ಹೋಗ್ತೀನಿ" ಎಂದು ವಿಭೂತಿ ಮುಟ್ಟಿ ಆಣೆ ಇಟ್ಟ. ಅವಳು ಮೊದಲ ಪರೀಕ್ಷೆಯಲ್ಲೇ ಪಾಸಾದಳು. ಈಗ ಫ್ರೀವೇ ಮೇಲೆ ಅವಳು ಓಡಿಸುತ್ತಾಳೆ, ಪಕ್ಕದಲ್ಲಿ ಕೂತ ಅವನು ಇಲ್ಲದ ಬ್ರೇಕು ತುಳಿಯುತ್ತಾನೆ.

ಲಂಡನ್ನೋ ಸಿಂಗಾಪುರವೋ ಕೇಳಿಯಾಳು ಎಂದುಕೊಂಡಿದ್ದ. ಅವಳು ಪೋಲೆಂಡ್ ಅಂದಳು.

"ಯಾಕ? ಅಲ್ಲಿ ನಿನ್ನ ತವರಮನಿ ಐತೇನ?"

"ಹೋತದ ಕಾಳಗ ಐತ್ರೀ."

ಪೊಜ್ನಾನ್ ಎಂಬ ಊರಿನ ಹಳೇ ಪುರಸಭೆಯ ಗಡಿಯಾರದ ಮೇಲೆ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಎರಡು ಯಂತ್ರದ ಹೋತಗಳು ಹೊರಬಂದು ಡಿಕ್ಕಿ ಹೊಡೆದಾಡುತ್ತವೆ. ನೀಲವ್ವ ಅದನ್ನು ಫೋನಿನಲ್ಲಿ ನೋಡಿದಳು, ಮುಗಿಯಿತು. ಅಪ್ಪನ ಹೆಗಲೇರಿ ಟಗರಿನ ಕಾಳಗ ನೋಡಿದ ಹೆಣ್ಣು. ರಕ್ತವಿಲ್ಲದ, ಜೂಜಿಲ್ಲದ ಕಾಳಗವೆಂದರೆ ಬಿಟ್ಟಾಳೆಯೇ? ಹೋತದ ಹಿಂದೆ ಊರುಗಳ ಹಿಂಡೇ ಬಂತು. ಝಾಲಿಪಿಯೆಯಲ್ಲಿ ಗೋಡೆ, ಬಾವಿ, ನಾಯಿಗೂಡಿಗೂ ಹೂವು ಬರೆಯುತ್ತಾರಂತೆ. ವಿಯೆಲಿಚ್ಕಾದ ಗಣಿಯೊಳಗೆ ಉಪ್ಪಿನದೇ ದೀಪಗುಚ್ಛ ತೂಗುತ್ತದಂತೆ. ಸೊಸೆ ಶೀತಲ್ ಬೇರೆ ಉಪ್ಪುಖಾರ ಹಚ್ಚಿದಳು: "ಅತ್ತೆ, ಕ್ರಾಕೋವ್ ಮಿಸ್ ಮಾಡ್ಬೇಡಿ, ಓಲ್ಡ್ ಟೌನು ಸಖತ್ತಾಗಿದೆಯಂತೆ!"

"ಅಲ್ಲಿ ತಿನ್ನೂದೇನು? ಬರೇ ಮಾಂಸ" ಎಂದು ಗುರುಶಾಂತಪ್ಪ ಜಾರಿಕೊಳ್ಳಲು ನೋಡಿದ. ನೀಲವ್ವ ಭಾನುವಾರದ ತನಕ ಕಾದಳು. ನಮ್ಮ ಕಡೆಯವರೆಲ್ಲ ವಾರವಾರ ಪಾರ್ಕಿನಲ್ಲಿ ಬುತ್ತಿ ಹಂಚಿಕೊಂಡು ಉಣ್ಣುವ ಪಾಟ್‌ಲಕ್ಕಿಗೆ ಆಲೂಗಡ್ಡೆ, ಪನೀರು ತುಂಬಿದ ಕಡುಬು ತಂದಳು. ಅವನು ಗಬಗಬ ತಿಂದ.

"ಕಡಬ ಭಾಳ ಚಲೋ ಆಗ್ಯಾವ!"

"ಕಡಬ ಅಲ್ರೀ, ಪೋಲೆಂಡಿನ ಪಿಯೆರೋಗಿ. ಊಟದ ಚಿಂತಿ ಮುಗೀತು. ಬ್ಯಾಗ್ ಕಟ್ರಿ."

ಪಾರ್ಕಿನ ತುಂಬ ನಗು. ಮಾನ ಮುಚ್ಚಿಕೊಳ್ಳಲು ಅವನು ಬೆಂಚಿನಿಂದೆದ್ದು ಕೂಗಿದ: "ಹತ್ತು ಮಂದಿ ಕೂಡಿದ್ರ ಹೋಗೂಣು!"

ದಡ್ಡ. ನಮ್ಮ ಕಡೆಯವರು ಉಂಡು ಕೂತಾಗ ಇಂಥ ಮಾತು ಆಡಬಾರದು.

"ಶೇಂಗಾ ಹಿಂಡಿ ನಂದು!"

"ಖಡಕ್ ರೊಟ್ಟಿ ನಮ್ಮನಿಯಿಂದ!"

"ಹೌದು, ಹೊಂಟಿದ್ದು ಎಲ್ಲಿಗೆ?"

ಬುತ್ತಿ ಮೊದಲು, ದೇಶ ಆಮೇಲೆ. ನಾನೂ ಕೈ ಎತ್ತಿದೆ. ಊರಲ್ಲಿ ಚಳವಳಿಗಿಳಿದು ಲಾಠಿ ತಿಂದ ಬೆನ್ನು ನನ್ನದು. ಹಡಗು ಕಟ್ಟುವವರು ಗೇಟು ಹಾಕಿಕೊಂಡು ಕೂತು ಸರಕಾರ ಬಗ್ಗಿಸಿದ ಗ್ಡಾನ್ಸ್ಕ್ ನೋಡದೆ ಸಾಯಲಾರೆ. ವ್ರೊತ್ಸ್ವಾಫ್‌ನಲ್ಲಂತೂ ಚಳವಳಿಯ ಹುಡುಗರು ಸರಕಾರವನ್ನು ಅಣಕಿಸಲು ಗೋಡೆ ಮೇಲೆ ಕುಳ್ಳರ ಚಿತ್ರ ಗೀಚಿದ್ದರು. ಇವತ್ತು ಬೀದಿಬೀದಿಗೂ ಕಂಚಿನ ಕುಳ್ಳರು ನಿಂತಿದ್ದಾರೆ. ಧಿಕ್ಕಾರ ಕೂಗಿ ಕೂಗಿ ಗಂಟಲು ಹರಿದುಕೊಂಡ ನಮಗೆ ಇದು ಯಾಕೆ ಹೊಳೆಯಲಿಲ್ಲ!

ಲೆಕ್ಕ ಒಂಬತ್ತಕ್ಕೆ ನಿಂತಿದೆ. ಗುರುಶಾಂತಪ್ಪ ಮೀಸೆ ತಿರುವುತ್ತಾನೆ: "ಹತ್ತ ಅಂದ್ರ ಹತ್ತ." ಆಣೆಯೂ ಮುರಿಯಲಿಲ್ಲ, ಪೋಲೆಂಡೂ ತಪ್ಪಿತು ಎಂಬ ಖುಷಿ ಅವನಿಗೆ. ನೀಲವ್ವ ಬಿಡುವವಳಲ್ಲ. ಮಧ್ಯಾಹ್ನ ಹನ್ನೆರಡಾದರೆ ಸಾಕು, ತಲೆ ತಗ್ಗಿಸಿ ಸೋಫಾದ ಮೇಲಿನ ಅವನ ಹೊಟ್ಟೆಗೆ ಮೆತ್ತಗೆ ಡಿಕ್ಕಿ ಕೊಡುತ್ತಾಳೆ.

ಓದಿ ನಕ್ಕಿರಲ್ಲ, ಈಗ ಹೇಳಿ: ಪಾಸ್‌ಪೋರ್ಟ್ ಇದೆಯೋ ಇಲ್ಲವೋ? ಇದ್ದರೆ ಹತ್ತನೆಯವರು ನೀವೇ. ಬರುವ ಭಾನುವಾರ ಪಾರ್ಕಿಗೆ ಬಂದು, ಅವನ ಮೀಸೆಯ ಮುಂದೆಯೇ ಕೈ ಎತ್ತಿ.