ಬಾವಿಯ ತಳದಿಂದ ಬರಬೇಕಿದ್ದ ಉತ್ತರ

ನಲ್ಲಿಗಳು ಒಣಗಿ, ಮೈಲಾಪೂರಿನ ಮನೆಮನೆಯವರೂ ತಮ್ಮ ಬಾವಿಯ ತಳವನ್ನು ಬಗ್ಗಿ ನೋಡುತ್ತಿದ್ದ ಬೇಸಿಗೆಗಳ ಕಾಲವದು. ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಅಪ್ಪ, ರಜೆಯ ದಿನ ತಾವೇ ಬಾವಿಗಿಳಿದು ಹೂಳು ತೆಗೆಯುತ್ತಿದ್ದರು.

ಅವರಿಗೆ ಭಯವೆಂಬುದೇ ತಿಳಿದಿರಲಿಲ್ಲವೆನ್ನುವುದು ನಮ್ಮ ಮನೆತನದ ಕಥೆ. ಈ ಸಲದ ಅವರ ತಿಥಿಯ ಊಟದಲ್ಲೂ ತಮ್ಮನ ಮಗ, "ಪೆರಿಯಪ್ಪಾ, ತಾತ ಬಾವಿಯಲ್ಲಿ ಸಿಕ್ಕಾಕ್ಕೊಂಡಾಗ್ಲೂ ನಗ್ತಾ ಇದ್ರಂತೆ, ಅಪ್ಪಡಿಯಾ?" ಎಂದು, ಹೌದೇ ಎಂಬುದನ್ನು ತಮಿಳಿನಲ್ಲಿ ಕೇಳಿದ. ಹಾಗೆ ಹೇಳುವವರಾರೂ ಅಂದು ಅಲ್ಲಿರಲಿಲ್ಲ. ಒಂಬತ್ತು ವರ್ಷದ ನಾನಿದ್ದೆ.

ಮೊದಲು ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡುವುದು ಕ್ರಮ. ದೀಪ ಆರಿದರೆ ಕೆಟ್ಟ ಗಾಳಿಯಿದೆಯೆಂದು ಅರ್ಥ. ಅಂದು ಆರಲಿಲ್ಲ. ಅಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿದರು. ಒಳಗಿರುವವರನ್ನು ಮೇಲಿನವರು ಬಿಡದೆ ಮಾತನಾಡಿಸಬೇಕು, ಅವರು ಉತ್ತರಿಸುತ್ತಿರಬೇಕು. ಅದು ಅಮ್ಮನ ಕೆಲಸ.

"ಹ್ವಾಯ್, ನಾಳಿಗೆ ಎಂತ ಪಲ್ಯ?"

"ಇಲ್ಲ್ ಮೊಣಕಾಲ್ ತನಕ ಕೆಸ್ರ್, ನಿಂಗೆ ಪಲ್ಯದ್ ಚಿಂತಿ!"

ಅಮ್ಮ ನಕ್ಕಳು. ಮರುಕ್ಷಣವೇ ಬಾವಿಯ ಗೋಡೆಯಿಂದ ಮಣ್ಣು ದೊಪ್ಪನೆ ಕುಸಿದ ಸದ್ದು. ಹಸಿಮಣ್ಣಿನ ವಾಸನೆ ಮೇಲಕ್ಕೆ ನುಗ್ಗಿತು.

"ಹ್ವಾಯ್!"

ಉತ್ತರವಿಲ್ಲ.

"ಹ್ವಾಯ್, ಕೇಂತಾ?"

ಒಳಗೆ ಕತ್ತಲೆ, ಲಾಂದ್ರವೂ ಕಾಣಲಿಲ್ಲ. ಅಮ್ಮನ ಬೆರಳುಗಳು ನನ್ನ ಭುಜಕ್ಕೆ ನಾಟಿದವು. ನನಗೆ ಉಸಿರೇ ಬರಲಿಲ್ಲ; ಅಪ್ಪನಿಗೂ ಬರುತ್ತಿಲ್ಲವೆಂದು ಖಚಿತವಾಗಿ ತಿಳಿದೆ. ಪಕ್ಕದ ಮನೆಯ ಮಾಮಾ, "ತೂಕ್ಕುಂಗೋ, ಮೇಲ ತೂಕ್ಕುಂಗೋ!" ಎಂದು ಕೂಗುತ್ತ ಓಡಿಬಂದರು. ಮೂವರೂ ಹಗ್ಗ ಜಗ್ಗಿದೆವು. ಅದು ಅಲುಗಲಿಲ್ಲ. ಮತ್ತೆ ಜಗ್ಗಿದಾಗ ಒಮ್ಮೆಲೇ ಭಾರ ಸಡಿಲವಾಗಿ ಮೇಲೇರತೊಡಗಿತು.

ಅಪ್ಪ ನಗುತ್ತಿರಲಿಲ್ಲ. ತುಟಿ ಬಿಳಿಚಿತ್ತು, ಹಲ್ಲು ಕಟಕಟಿಸುತ್ತಿತ್ತು. ಕಟ್ಟೆಗೊರಗಿ ಕುಳಿತವರು ಕೆಸರುಗೈಯಲ್ಲೇ ಅಮ್ಮನ ಸೆರಗು ಹಿಡಿದುಕೊಂಡರು.

"ಕೂಗಿದ್ದ್ ಕೇಂಡ್ತಿಲ್ಯಾ?" ಎಂದು ಅಮ್ಮ ಗದರಿದಳು.

"ಕೇಂಡಿತ್. ಮೇಲೆ ಬಪ್ಪುಕಾತ್ತೋ ಇಲ್ಯೋ ಅಂದೇಳಿ ಹೆದ್ರಿಕೆ ಆಯ್ತ್ ಕಾಣ್. ಸ್ವರವೇ ಬರ್ಲಿಲ್ಲ."

ಅಮ್ಮ ಬೈಯುವುದನ್ನು ನಿಲ್ಲಿಸಿ, ಅವರ ತಲೆಯ ಮಣ್ಣಿನ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಆ ಬಾವಿಯನ್ನು ಮುಚ್ಚಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಹೋದದ್ದು ಬಾವಿಯೊಂದೇ ಅಲ್ಲ. ಮಗ ಎದುರಿಗಿದ್ದರೂ ಹೆಂಡತಿಯೊಡನೆ "ಹೆದರಿಕೆಯಾಯಿತು" ಎನ್ನಬಲ್ಲ ಗಂಡಸನ್ನು ನಾನು ಮತ್ತೆ ಕಾಣಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, "ನಿಮಗೆ ಭಯವಾಗ್ತಿಲ್ವಾ?" ಎಂದು ಕೇಳಿದ್ದಳು. ಇಲ್ಲವೆಂದು ಸುಳ್ಳು ಹೇಳಿ, ಅವಳೊಬ್ಬಳನ್ನೇ ಹೆದರಲು ಬಿಟ್ಟೆ.